ಟ್ರ್ಯಾಕ್ಟರ್ ಸೆಲ್ಫ್ ಬಿಚ್ಚಿಸುವ ಮುಂಚೆ ಅರ್ತ್ ಪಟ್ಟಿ ನೋಡಿ. ನಾನು ನೋಡಲಿಲ್ಲ, 12,300 ರೂಪಾಯಿ ಹೋಯ್ತು

ಹಳೆ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಎಲ್ಲರೂ ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಆದದ್ದು ನಿಮಗೆ ಆಗುವುದು ಬೇಡ. ಬರೆಯೋಕೆ ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ.

ನಮ್ಮದು 1996ರ ಮ್ಯಾಸಿ 1035. ಅಪ್ಪ ತಂದಿದ್ದು. ಹಾವೇರಿ ಕಡೆ ನಮ್ಮ ಹೊಲ, ಗೋವಿನಜೋಳ ಹಾಕುತ್ತೇವೆ. ಈ ಸಲ ರೋಹಿಣಿ ಮಳೆ ಒಳ್ಳೆ ಹದ ಕೊಟ್ಟಿತ್ತು. ಬೆಳಿಗ್ಗೆ ಆರಕ್ಕೆ ಕೀ ತಿರುಗಿಸಿದರೆ ಸೆಲ್ಫ್, ಅಂದರೆ ಎಂಜಿನ್ ಸ್ಟಾರ್ಟ್ ಮಾಡುವ ಮೋಟರ್, ಎಳೆಯುತ್ತಲೇ ಇಲ್ಲ. ಕುಯ್ಯ್... ಕುಯ್ಯ್... ಅಂತ ಎರಡು ಸುತ್ತು, ನಿಂತಿತು. ಹತ್ತು ಸಲ ಹೊಡೆದೆ. ಕೊನೆಗೆ ಟಕ್ ಅಂತ ಬರೀ ಸದ್ದು. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿದೆವು. ಬಿತ್ತನೆ ಟೈಮಲ್ಲಿ ದಿನಾ ತಳ್ಳೋಕೆ ಜನ ಎಲ್ಲಿ ಸಿಗ್ತಾರೆ? ಸೀದಾ ಪೇಟೆಗೆ ಓಡಿಸಿಕೊಂಡು ಹೋದೆ. ಅಂಗಡಿ ಹೆಸರು ಹೇಳುವುದಿಲ್ಲ. ಕೈಯಲ್ಲಿ ಬಿಲ್ ಇಲ್ಲದೆ ಹೆಸರು ಹೇಳಿ ಇನ್ನೊಂದು ತಂಟೆ ಮೈಮೇಲೆ ಎಳೆದುಕೊಳ್ಳಲಾರೆ.

ಅಂಗಡಿಯವನು ಮೀಟರ್ ಹಿಡಿಯಲಿಲ್ಲ. ಕೇಬಲ್ ಮುಟ್ಟಿ ನೋಡಲಿಲ್ಲ. ಒಂದು ಸಲ ಕೀ ಹೊಡೆದ, "ಅಣ್ಣಾ, ಆರ್ಮೇಚರ್ ಹೋಗಿದೆ, ವೈಂಡಿಂಗ್ ಮಾಡಬೇಕು" ಅಂದ. ಆರ್ಮೇಚರ್ ಅಂದರೆ ಸೆಲ್ಫ್ ಒಳಗೆ ತಿರುಗುವ ಭಾಗ, ವೈಂಡಿಂಗ್ ಅಂದರೆ ಅದಕ್ಕೆ ತಂತಿ ಸುತ್ತುವುದು. ಕಾರ್ಬನ್ (ಆರ್ಮೇಚರ್‌ಗೆ ಕರೆಂಟು ಕೊಡುವ ತುಂಡು), ಬುಶ್ (ಆರ್ಮೇಚರ್ ತುದಿ ಕೂರುವ ಬಳೆ), ವೈಂಡಿಂಗ್ ಎಲ್ಲ ಸೇರಿ 5,500. ಸಂಜೆ ಬನ್ನಿ ಅಂದ. ಸೆಲ್ಫ್ ಅಲ್ಲೇ ಬಿಟ್ಟು ಬಂದೆ. ಇದೇ ನಾನು ಮಾಡಿದ ಮೊದಲ ತಪ್ಪು. ಬಿಟ್ಟು ಬಂದೆ. ಎದುರಿಗೆ ಬಿಚ್ಚಿಸಬೇಕಿತ್ತು.

ಸಂಜೆ ಹೋದರೆ ಸೆಲ್ಫ್ ಫಳಫಳ ಹೊಳೆಯುತ್ತಿತ್ತು. ಬೆಳ್ಳಿ ಬಣ್ಣ ಹೊಡೆದಿದ್ದ. "ಹೊಸದರ ಥರ ಆಯ್ತು ನೋಡಿ" ಅಂದ. ನನಗೂ ಖುಷಿ ಆಯ್ತು. ಫಿಟ್ ಮಾಡಿ ಹೊಡೆದರೆ ಮತ್ತೆ ಅದೇ ಕುಯ್ಯ್. ಅವನ ಮುಖದಲ್ಲಿ ಏನೂ ವ್ಯತ್ಯಾಸ ಇಲ್ಲ. "ಹಂಗಾದ್ರೆ ಬ್ಯಾಟರಿನೂ ಹೋಗಿದೆ" ಅಂದ. ಬ್ಯಾಟರಿ ತಂದು 14 ತಿಂಗಳಾಗಿತ್ತು ಅಷ್ಟೇ. ಲೋಡ್ ಟೆಸ್ಟರ್ ಹಿಡಿದು ಮುಳ್ಳು ಕೆಳಗೆ ಬಿದ್ದದ್ದು ತೋರಿಸಿದ. ಬೆಳಿಗ್ಗೆಯಿಂದ ಸೆಲ್ಫ್ ಹೊಡೆದು ಹೊಡೆದು ಇಳಿದ ಬ್ಯಾಟರಿ ಅದು. ಚಾರ್ಜ್ ಮಾಡದೆ ಟೆಸ್ಟ್ ಮಾಡಿದರೆ ಮುಳ್ಳು ಬೀಳದೆ ಇನ್ನೇನಾಗುತ್ತದೆ? ಆಗ ಇದು ಹೊಳೆಯಲಿಲ್ಲ. ಹಳೆ ಬ್ಯಾಟರಿ ಕೊಟ್ಟು ಮೇಲೆ 6,800 ಕೊಟ್ಟು ಹೊಸದು ಹಾಕಿಸಿದೆ. ಹೊಸ ಬ್ಯಾಟರಿಯ ಜೋರಿಗೆ ಹೇಗೋ ಸ್ಟಾರ್ಟ್ ಆಯ್ತು. ಬಿಲ್ ಕೇಳಿದೆ. "ಬಿಲ್ ಬೇಕಾದ್ರೆ ಜಿಎಸ್‌ಟಿ ಸೇರಿಸಬೇಕು, ಸುಮ್ನೆ ನಿಮಗೇ ಜಾಸ್ತಿ ಆಗುತ್ತೆ" ಅಂದ. ಹೂಂ ಅಂದೆ.

ಮೂರನೇ ದಿನ ಮತ್ತೆ ನಿಂತಿತು.

ಫೋನ್ ಮಾಡಿದೆ. "ನೀವು ಹೆಂಗ್ ಹೊಡೀತೀರೋ ಏನೋ" ಅಂದ. ಇಪ್ಪತ್ತು ವರ್ಷದಿಂದ ಅದೇ ಟ್ರ್ಯಾಕ್ಟರ್ ಓಡಿಸುವವನಿಗೆ ಹೇಳುವ ಮಾತೇ ಇದು? ಮತ್ತೆ ಮಾಡಿದೆ. "ಇಷ್ಟು ಹಳೆ ಗಾಡಿಗೆ ಗ್ಯಾರಂಟಿ ಯಾರು ಕೊಡ್ತಾರೆ? ಎಂಜಿನ್ನೇ ಬಿಗಿ ಇರಬೇಕು, ಇಂಜಿನ್ ಬಿಚ್ಚಿಸಿ" ಅಂದ. ಅಂದರೆ ಇನ್ನೂ ನಲವತ್ತು ಐವತ್ತು ಸಾವಿರಕ್ಕೆ ದಾರಿ ತೋರಿಸುತ್ತಿದ್ದಾನೆ. ಅಷ್ಟರಲ್ಲಿ ಹದ ಆರುತ್ತಾ ಬಂತು. ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಬಿತ್ತಿದೆ. ಮನೆಯಲ್ಲಿ ನಿಂತಿರುವ ಟ್ರ್ಯಾಕ್ಟರ್ ಮುಂದೆ ಬೇರೆಯವರ ಟ್ರ್ಯಾಕ್ಟರ್ ನಮ್ಮ ಹೊಲಕ್ಕೆ ಹೋಗುವುದನ್ನು ಅಪ್ಪ ಕಟ್ಟೆ ಮೇಲೆ ಕೂತು ನೋಡಿದರು. ಒಂದು ಮಾತೂ ಆಡಲಿಲ್ಲ.

ಭಾನುವಾರ ಅಕ್ಕನ ಮಗ ಬಂದ. ಐಟಿಐ ಓದುತ್ತಾನೆ. ಚೀಲದಲ್ಲಿ ಒಂದು ಸಣ್ಣ ಮೀಟರ್. ನನಗೆ ಸೆಲ್ಫ್ ಹೊಡಿ ಅಂದು ತಾನು ಮೀಟರ್ ಹಿಡಿದ. ಮೊದಲು ಬ್ಯಾಟರಿಯ ಎರಡು ಕಂಬದ ಮೇಲೆ. ಸೆಲ್ಫ್ ಹೊಡೆಯುವಾಗ 11 ವೋಲ್ಟ್ ಮೇಲೇ ಇತ್ತು. "ಮಾವ, ಬ್ಯಾಟರಿ ಹೋಗಿದ್ರೆ ಇದು 9ಕ್ಕಿಂತ ಕೆಳಗೆ ಬೀಳಬೇಕು, ಬ್ಯಾಟರಿ ಚೆನ್ನಾಗಿದೆ, ಕರೆಂಟು ಸೆಲ್ಫ್‌ಗೆ ಹೋಗ್ತಾ ಇಲ್ಲ" ಅಂದ. ಆಮೇಲೆ ಮೀಟರಿನ ಒಂದು ವೈರು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫ್‌ನ ಮೈಗೆ. ಮತ್ತೆ ಹೊಡಿ ಅಂದ. 3 ವೋಲ್ಟ್ ಚಿಲ್ಲರೆ ತೋರಿಸಿತು. ಅರ್ಧ ವೋಲ್ಟ್ ದಾಟಬಾರದಂತೆ ಅಲ್ಲಿ.

ಕೆಳಗೆ ಬಗ್ಗಿ ನೋಡಿದರೆ ಅರ್ತ್ ಪಟ್ಟಿ. ತಾಮ್ರದ ಎಳೆ ಹೆಣೆದ ಚಪ್ಪಟೆ ಪಟ್ಟಿ ಇರುತ್ತದಲ್ಲ, ಬ್ಯಾಟರಿ ಮೈನಸ್‌ನಿಂದ ಗಾಡಿಯ ಮೈಗೆ ಬರುವುದು, ಅದು. ಮೇಲೆ ಮಣ್ಣು, ಆಯಿಲ್ ಜಿಡ್ಡು. ಜಿಡ್ಡು ಕೆರೆದರೆ ಬೋಲ್ಟ್ ಹತ್ತಿರ ಹಸಿರು ಪುಡಿ. ಮುಟ್ಟಿದೆ, ಕೈ ಸುಟ್ಟಿತು. ಬೋಲ್ಟ್ ಬಿಚ್ಚುತ್ತಿದ್ದ ಹಾಗೆ ಪಟ್ಟಿಯ ಅರ್ಧಕ್ಕಿಂತ ಜಾಸ್ತಿ ಎಳೆ ತುಂಡಾಗಿ ಕೈಗೆ ಬಂತು. ಬೋಲ್ಟ್ ಕೂರುವ ಜಾಗದಲ್ಲಿ ತುಕ್ಕು, ಅದರ ಮೇಲೆ ಯಾವಾಗಲೋ ಹೊಡೆದ ಪೇಂಟು. ಹುಡುಗ ಒಂದು ಜಂಪರ್ ಕೇಬಲ್ ತಗೊಂಡು ಬ್ಯಾಟರಿ ಮೈನಸ್‌ನಿಂದ ಸೀದಾ ಸೆಲ್ಫ್‌ನ ಮೈಗೆ ಕೊಟ್ಟ. ಕೀ ತಿರುಗಿಸಿದೆ. ಅರ್ಧ ಸುತ್ತಿಗೇ ಸ್ಟಾರ್ಟ್!

ಹೊಸ ಪಟ್ಟಿಗೆ 280 ರೂಪಾಯಿ. ಜಾಗ ಉಜ್ಜಿ, ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿ ಮಾಡಿದೆವು. 280. ಹನ್ನೆರಡು ಸಾವಿರ ಕೊಟ್ಟ ಮೇಲೆ 280.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಗೊತ್ತಾಗದೆ ಹೇಳಿದ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಸೆಲ್ಫ್ ತಿರುಗುವಾಗ ಕರ ಕರ ಅಂತ ಸದ್ದು. ನಮ್ಮ ಸೆಲ್ಫ್‌ಗೆ ಆ ಸದ್ದು ಯಾವತ್ತೂ ಇರಲಿಲ್ಲ. ಬಿಚ್ಚಿದೆವು. ಬುಶ್ ಪೂರಾ ಸವೆದು ಆರ್ಮೇಚರ್ ಒಳಗೆ ಉಜ್ಜುತ್ತಿತ್ತು. ಹೊಸ ಬುಶ್‌ಗೆ ದುಡ್ಡು ತಗೊಂಡಿದ್ದಾನೆ! ಹುಡುಗ ಡೀಸೆಲ್ ಬಟ್ಟೆಯಲ್ಲಿ ಮೈ ಒರೆಸಿದ. ಬೆಳ್ಳಿ ಬಣ್ಣ ಬಟ್ಟೆಗೆ ಹತ್ತಿತು. ನಾನು ಸೆಲ್ಫ್‌ನ ಕಿವಿ ನೋಡಿದೆ, ಬೋಲ್ಟ್ ಹಾಕುವ ಕಿವಿ. ತಿರುಗಿಸಿ ಇನ್ನೊಂದು ಕಿವಿ ನೋಡಿದೆ. ಮತ್ತೆ ಮೊದಲನೆಯದು ನೋಡಿದೆ.

ನಮ್ಮ ಸೆಲ್ಫ್‌ನ ಒಂದು ಕಿವಿ ಹಿಂದೆ ಬಿರುಕು ಬಿಟ್ಟಿತ್ತು. ಅಪ್ಪ ಅದಕ್ಕೆ ಹಿತ್ತಾಳೆ ವೆಲ್ಡಿಂಗ್ ಹಾಕಿಸಿದ್ದರು. ಬೆರಳುದ್ದದ ಹಳದಿ ಗೆರೆ. ಎಷ್ಟು ಸಲ ಒರೆಸಿದ್ದೇನೆ ಅದನ್ನು. ಇದರಲ್ಲಿ ಗೆರೆ ಇಲ್ಲ. ಎರಡು ಕಿವಿಯಲ್ಲೂ ಇಲ್ಲ.

ನಮ್ಮ ಸೆಲ್ಫೇ ಅಲ್ಲ ಅದು. ಗಾಡಿ ಜೊತೆ ಕಂಪನಿಯಿಂದ ಬಂದ ಗಟ್ಟಿ ಸೆಲ್ಫ್ ಇಟ್ಟುಕೊಂಡು, ಯಾವುದೋ ಗುಜರಿ ಸೆಲ್ಫ್‌ಗೆ ಬಣ್ಣ ಹೊಡೆದು ಕೊಟ್ಟಿದ್ದಾನೆ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಕೈಯಾರೆ ಕೊಟ್ಟು, ಬೇರೆಯದನ್ನು ಖುಷಿಯಿಂದ ತಂದೆನಲ್ಲ ಅಂತ.

ಅಂಗಡಿಗೆ ಹೋದೆ. ಗೆರೆ ವಿಷಯ ಹೇಳಿದೆ. "ಪೇಂಟಲ್ಲಿ ಮುಚ್ಚಿಹೋಗಿರುತ್ತೆ" ಅಂದ. ಪೇಂಟ್ ಒರೆಸಿದ್ದನ್ನು ಮುಂದೆ ಇಟ್ಟೆ. "ನಿಮ್ಮದು ಪೂರಾ ಸುಟ್ಟಿತ್ತು, ಅದಕ್ಕೇ ಒಳ್ಳೇದು ಹಾಕಿಕೊಟ್ಟೆ" ಅಂದ. ಒಂದೇ ನಿಮಿಷದಲ್ಲಿ ಮಾತು ತಿರುಗಿತು. ಹಾಗಾದರೆ ನನ್ನದು ಕೊಡು ಅಂದೆ. "ಗುಜರಿಗೆ ಹೋಯ್ತು. ನೀವೇ ಬೇಡ ಅಂದ್ರಲ್ಲ." ನಾನು ಯಾವಾಗ ಅಂದೆ? ಪಕ್ಕದಲ್ಲಿ ನಾಲ್ಕು ಜನ ನಿಂತಿದ್ದರು. ಎಲ್ಲರ ಎದುರು "ಬೇಕಾದ್ರೆ ಇನ್ನೊಂದು ಎರಡು ಸಾವಿರ ಕೊಡಿ, ಬೇರೆ ನೋಡೋಣ" ಅಂದ. ಬಿಲ್ ಇದೆಯಾ ಅಂತ ಅವನೇ ಕೇಳಿದ. ಬೇಡ ಅನ್ನಿಸಿದವನೇ ಅವನು. 1915 ಸಹಾಯವಾಣಿಗೆ ಗ್ರಾಹಕರ ದೂರು ಕೊಡೋಣ ಅಂದರೆ ತೋರಿಸೋಕೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ.

ಸೆಲ್ಫ್ ನಿಧಾನ ಎಳೆದರೆ ಮೊದಲು ಎರಡು ಕೇಬಲ್ ತುದಿ, ಅರ್ತ್ ಪಟ್ಟಿ ಬಿಚ್ಚಿ ಉಜ್ಜಿ ಹಾಕಿ. ಬ್ಯಾಟರಿ ಮೈನಸ್‌ನಿಂದ ಸೆಲ್ಫ್‌ನ ಮೈಗೆ ಜಂಪರ್ ಕೇಬಲ್ ಕೊಟ್ಟು ನೋಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸದೆ ಟೆಸ್ಟ್ ಮಾಡಿಸಬೇಡಿ. ಆಮೇಲೂ ಸೆಲ್ಫ್ ಕೊಡಲೇಬೇಕಾದರೆ ಉಳಿಯಿಂದ ಒಂದು ಗುರುತು ಹಾಕಿ, ಫೋಟೋ ತೆಗೆದು, ಎದುರಿಗೇ ಕೂತು ಬಿಚ್ಚಿಸಿ. ಬದಲಾಯಿಸಿದ ಹಳೆ ಕಾರ್ಬನ್, ಬುಶ್ ಕೈಗೆ ಇಸಿದುಕೊಳ್ಳಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಯಾರು ಎಷ್ಟೇ ಅಣ್ಣಾ ಅಂದರೂ ಕೊಡಬೇಡಿ.

ಅಪ್ಪನಿಗೆ ಸೆಲ್ಫ್ ಬದಲಾದ ವಿಷಯ ಇನ್ನೂ ಹೇಳಿಲ್ಲ. ಹಾವೇರಿ, ರಾಣೆಬೆನ್ನೂರು, ದಾವಣಗೆರೆ ಕಡೆ ಗುಜರಿಯಲ್ಲೋ ಹಳೆ ಸಾಮಾನಿನ ಅಂಗಡಿಯಲ್ಲೋ ಕಿವಿಯ ಮೇಲೆ ಬೆರಳುದ್ದ ಹಿತ್ತಾಳೆ ಗೆರೆ ಇರುವ ಮ್ಯಾಸಿ ಸೆಲ್ಫ್ ಕಣ್ಣಿಗೆ ಬಿದ್ದರೆ ದಯವಿಟ್ಟು ತಿಳಿಸಿ. ದುಡ್ಡು ಕೊಟ್ಟೇ ತಗೊಳ್ಳುತ್ತೇನೆ.