ಸಿಂಹಗಡ ರಸ್ತೆಯ ನರ್ಸರಿ: ಎಚೆವೇರಿಯಾಗೆ ಹೋಗಿ, ಮಣ್ಣಿಗಲ್ಲ

ಪುಣೆಯ ಸಿಂಹಗಡ ರಸ್ತೆ ಕಡೆಯ ಈ ನರ್ಸರಿಗೆ ಹೋದರೆ ನೇರ ಹಿಂದಿನ ಹಸಿರು ನೆಟ್ ಕೆಳಗೆ ನಡೀರಿ. ಸುತ್ತು ಸುತ್ತಾಗಿ ಎಲೆ ಬಿಡುವ ಸಕ್ಯುಲೆಂಟ್‌ಗಳೆಲ್ಲ (ದಪ್ಪ ಎಲೆಯಲ್ಲೇ ನೀರು ತುಂಬಿಕೊಳ್ಳುವ ಗಿಡಗಳು) ಅಲ್ಲೇ. ಅವುಗಳಲ್ಲಿ ನಾನು ತಂದ ಎಚೆವೇರಿಯಾದ ಎಲೆ ಮೇಲಿನ ಬೂದಿ ಬಣ್ಣದ ಪುಡಿ ಒಂಚೂರೂ ಅಳಿಸಿರಲಿಲ್ಲ. ಬೆರಳು ತಾಗಿದರೆ ಅದು ಹೋಗುತ್ತದೆ, ಆ ಎಲೆಗೆ ಮತ್ತೆ ಬರುವುದಿಲ್ಲ. ಕುಂಡ ಹಿಡಿದೇ ಎತ್ತಿಕೊಡುವ ನರ್ಸರಿಯ ಕಾಕಾಗೆ ಪೂರ್ತಿ ಅಂಕ.

ಗ್ರಾಪ್ಟೊಪೆಟಲಮ್ ಅನ್ನುವ ಇನ್ನೊಂದು ಸಕ್ಯುಲೆಂಟ್ ಇನ್ನೂ ಗಟ್ಟಿ ಜೀವ. ಉದುರಿದ ಎಲೆಯನ್ನು ಮಣ್ಣಿನ ಮೇಲೆ ಸುಮ್ಮನೆ ಇಟ್ಟರೂ ಗಿಡಕ್ಕೆ ಅಂಟಿದ್ದ ತುದಿಯಲ್ಲಿ ಗುಲಾಬಿ ಬಣ್ಣದ ಬೇರು, ಆಮೇಲೆ ಸಾಸಿವೆಕಾಳಿನಷ್ಟು ಮರಿ. ಬಿಸಿಲು ಕಮ್ಮಿ ಇರುವ ಬಾಲ್ಕನಿಯವರು ಹಾವೊರ್ಥಿಯಾ ತಗೊಳ್ಳಿ. ಸೆಂಪರ್ವಿವಮ್ ಬೇಡವೇ ಬೇಡ. ಅದು ಯೂರೋಪಿನ ಬೆಟ್ಟದ ಗಿಡ. ಹಿಮ ತಡೆದೀತು, ನಮ್ಮ ಏಪ್ರಿಲ್ ಬಿಸಿಲು ತಡೆಯಲಾರದು. ಆದರೂ ‘ಮನೆಯೊಳಗೇ ಬೆಳೀತದ್ರಿ’ ಅಂತ ನರ್ಸರಿಯವರು ದಾಟಿಸಲು ನೋಡುತ್ತಾರೆ.

ಕುಂಡದಲ್ಲಿ ತುಂಬಿ ಕೊಡುವ ಮಣ್ಣಂತೂ ದಂಡ. ಬರೀ ಕೋಕೊಪೀಟ್ (ತೆಂಗಿನ ನಾರಿನ ಪುಡಿ), ನೀರು ಹಿಡಿದು ಕೂರುತ್ತದೆ. ಜೂನ್ ಮಳೆಗೆ ಮುಂಚೆಯೇ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ ಕುಂಡ ಬದಲಿಸಿ, ಇಲ್ಲದಿದ್ದರೆ ಬುಡ ಕೊಳೆಯುವುದು ಗ್ಯಾರಂಟಿ.

ಬೆಲೆ ಸ್ವಲ್ಪ ಜಾಸ್ತಿಯೇ. ಕಾಕಾ ಸೊಲ್ಲಾಪುರದವರು, ಕನ್ನಡ ಬರುತ್ತದೆ. ಚೌಕಾಸಿ ಧಾರಾಳವಾಗಿ ಮಾಡಿ.