18 ವರ್ಷ ಕೊಟ್ಟಿಗ್ಯಾಗ ನಿಂತ ಯೆಜ್ಡಿ ರೋಡ್‌ಕಿಂಗ್, ಹಳೇ ಹುಬ್ಬಳ್ಳಿ ಗ್ಯಾರೇಜಿನ್ಯಾಗ ಚಾಲು ಆತು

ಮೊದ್ಲ ಹೇಳಿಬಿಡ್ತೀನಿ, ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಹಳೇ ಹುಬ್ಬಳ್ಳಿ ಇಂಡಿ ಪಂಪ್ ಹತ್ರ ಇಳದು ಹಳೇ ಜಾವಾ ಯೆಜ್ಡಿ ಮಾಡೋ ಚಾಚಾ ಎಲ್ಲಿರ್ತಾರ ಅಂತ ಕೇಳಿದ್ರ ಓಣಿ ತೋರಿಸ್ತಾರ. ಕೆಲಸಕ್ಕ ನಾ 5ಕ್ಕ 5 ಕೊಡ್ತೀನಿ, ಟೈಮಿಗೆ 5ಕ್ಕ 2.

ನನ್ನ ಗಾಡಿ 1992ರ ಯೆಜ್ಡಿ ರೋಡ್‌ಕಿಂಗ್ ಬೈಕ್, ಕೆಎ 25 ನಂಬರ್. ಗದಗದಾಗ ಇದ್ಕೊಂಡು 25 ಯಾಕ ಅಂತ ಈಗಿನ ಹುಡುಗ್ರು ಕೇಳ್ತಾರ, ಆವಾಗ ಗದಗ ಇನ್ನೂ ಧಾರವಾಡ ಜಿಲ್ಲಾದಾಗ ಇತ್ರಿ, ಬ್ಯಾರೆ ಜಿಲ್ಲಾ ಆಗಿದ್ದು 1997ರಾಗ, 26 ಆಮೇಲೆ ಬಂತು. ನಾ ಎಪಿಎಂಸಿ ಅಡತಿ ಅಂಗಡ್ಯಾಗ ಲೆಕ್ಕಾ ಬರಿಯಾಂವ, ಮೆಣಸಿನಕಾಯಿ ಸ್ಯಾಂಪಲ್ ಚೀಲಾ ಟ್ಯಾಂಕಿನ ಮ್ಯಾಲಿಟ್ಕೊಂಡು ಲಕ್ಷ್ಮೇಶ್ವರ ದಾಟಿ ಬ್ಯಾಡಗಿ ಪ್ಯಾಟಿಗೆ ಎಷ್ಟ ಸಲ ಹೋಗೀನೋ ಲೆಕ್ಕಿಲ್ಲ. 2007ಕ್ಕ ಆರ್‌ಸಿ 15 ವರ್ಷದ್ದು ಮುಗೀತು, ರಿನಿವಲ್ ಮಾಡ್ಸೋಣು ಮಾಡ್ಸೋಣು ಅಂತ ಮುಂದ ಹಾಕಿದ್ದು ಅಲ್ಲೇ ನಿಂತುಬಿಡ್ತು, ದನಾ ಮಾರಿದ ಮ್ಯಾಲೆ ಖಾಲಿ ಇದ್ದ ಕೊಟ್ಟಿಗಿ ಮೂಲ್ಯಾಗ. ಗುಜರಿಯವ್ರು ಎಷ್ಟೋ ಸಲ ಬಂದು ಕೇಳಿದ್ರು, ಕೊಡಾಕ ಮನಸ್ಸ ಆಗಲಿಲ್ಲ.

ಹ್ವಾದ ವರ್ಷ ಮೊದ್ಲ ನಮ್ಮ ಕಡೆನ ಒಂದು ಗ್ಯಾರೇಜಿಗೆ ಒಯ್ದಿದ್ದೆ, ಹೆಸರ ಬ್ಯಾಡ. ಅಲ್ಲಿ ಹುಡುಗ ಟ್ಯಾಂಕಿಗೆ ಹೊಸಾ ಪೆಟ್ರೋಲ್ ಸುರುವಿ ಹೊಸಾ ಪ್ಲಗ್ ಹಾಕಿ ಕಿಕ್ ಹೊಡದಾ ಹೊಡದಾ, ಕಿಕ್ ಬಿಗಿ ಆತು ಅಂತ ಗೇರ್‌ನ್ಯಾಗ ಹಾಕಿ ಇಬ್ಬರು ಸೇರಿ ನೂಕಿದ್ರು, ಒಳಗ ಕರ್ ಅಂತ ಸಪ್ಪಳಾ ಬಂತು, ಆವಾಗ ನಾನ ಬ್ಯಾಡ ಬಿಡ್ರಪಾ ಅಂದು ಟಾಟಾ ಏಸ್‌ನ್ಯಾಗ ಹೇರ್ಕೊಂಡು ಹುಬ್ಬಳ್ಳಿಗೆ ಬಂದೆ.

ಚಾಚಾ ಗಾಡಿ ನೋಡಿ ಕೇಳಿದ ಮೊದಲನೇ ಮಾತು, "ಸಾವ್ಕಾರ್ರ, ಇದಕ್ಕ ಯಾರರ ಕಿಕ್ ಹೊಡದಾರೇನ್ರಿ?" ನಾ ಹೌದ್ರಿ ಚಾಚಾ ಅಂದೆ. ಏನೂ ಬೈಲಿಲ್ಲ, ಪ್ಲಗ್ ಬಿಚ್ಚಿ ಡೀಸೆಲ್ಲಿಗೆ ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿ ಪೆಟ್ರೋಲಿಗೆ ಕೂಡಸೋ ಎಣ್ಣಿ) ಕೂಡ್ಸಿ ಪ್ಲಗ್ ತೂತಿನ್ಯಾಗ ಹಾಕಿ ಬಟ್ಟಿ ತುರುಕಿ, ನಾಕ ದಿನಾ ಬಿಟ್ಟು ಬರ್ರಿ ಅಂದ್ರು. ಐದನೇ ದಿನಾ ಹೋದಾಗ ಟಾಪ್ ಗೇರ್‌ನ್ಯಾಗ ಹಾಕಿ ಹಿಂದಿನ ಗಾಲಿ ಕೈಲೆ ಹಿಡದು ಒಂದ ಬಟ್ಟಿನಷ್ಟು ಮುಂದ, ಒಂದ ಬಟ್ಟಿನಷ್ಟು ಹಿಂದ, ಹಂಗ ಅರ್ಧಾ ತಾಸು ಆಡ್ಸಿದ ಮ್ಯಾಲೆ ಜಾಮ್ ಆಗಿದ್ದ ಪಿಸ್ಟನ್ ಬಿಡ್ತು. ನನಗ ಕಣ್ಣಾಗ ನೀರ ಬಂತು, ಸುಳ್ಳ ಯಾಕ ಹೇಳ್ಲಿ.

ಆದ್ರ ಅವತ್ತೂ ಚಾಲು ಮಾಡ್ಲಿಲ್ಲ. ಈ ಮನಷ್ಯಾನ ಗುಣಾ ಅಂದ್ರ ಇದಾ. ಎಂಜಿನ್ ಪೂರಾ ಬಿಚ್ಚಬೇಕು ಅಂದ್ರು. ಯಾಕ ಅಂತ ಕೇಳಿದ್ದಕ್ಕ ಕೂರ್ಸಿ ತಿಳಿಸಿ ಹೇಳಿದ್ರು: ಟೂ ಸ್ಟ್ರೋಕ್ ಗಾಡಿ ಕ್ರ್ಯಾಂಕ್ ಕೇಸಿನ್ಯಾಗನ ಗಾಳಿ ಪೆಟ್ರೋಲ್ ಒತ್ತಿ ಮ್ಯಾಲೆ ಕಳಸ್ತೈತಿ, ಕ್ರ್ಯಾಂಕಿನ ಎರಡೂ ಕಡೆ ರಬ್ಬರ್ ಸೀಲ್ ಇರ್ತಾವ, 18 ವರ್ಷ ನಿಂತ್ರ ಒಣಗಿ ಕಟಿ ಆಗಿರ್ತಾವ. ಒಂದ ಕಡೆ ಸೀಲ್ ಹೋದ್ರ ಗೇರ್ ಆಯಿಲ್ ಜಗ್ಗಿ ಬಿಳೇ ಹೊಗಿ ಬಿಡ್ತೈತಿ, ಇನ್ನೊಂದ ಕಡೆ ಹೋದ್ರ ಬರೇ ಗಾಳಿ ಜಗ್ಗಿ ಎಂಜಿನ್ ಕಾದು ಪಿಸ್ಟನ್ ಹಿಡೀತೈತಿ. ಹೊರಗಿಂದ ನೋಡಿದ್ರ ಏನೂ ಗೊತ್ತಾಗೂದಿಲ್ಲ. ಬಿಚ್ಚಿ ಕೈಯಾಗ ಕೊಟ್ರು ನೋಡ್ರಿ ಆ ಸೀಲ್, ಹಪ್ಪಳಾ ಮುರದಂಗ ಮುರೀತು. ಸಿಲಿಂಡರ್‌ನ್ಯಾಗ ಉದ್ದಕ ಗೀರು ಬಿದ್ದಿತ್ತು, ಅದು ಆ ಮೊದಲಿನ ಗ್ಯಾರೇಜಿನ ಕಿಕ್ಕಿಂದಾ, ಲೇತ್‌ನವ್ರ ಕಡೆ ಬೋರ್ ಮಾಡ್ಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾತು.

ಟ್ಯಾಂಕಿನ ಕೆಲಸ ನಾನೂ ಕೂತು ನೋಡೀನಿ. ಒಳಗ ಕೆಂಪ ತುಕ್ಕು, ಹಳೇ ಪೆಟ್ರೋಲ್ ಅಂಟಿನಂಗ ಹಿಡಕೊಂಡಿತ್ತು. ಬಿಸಿನೀರಾಗ ಲಿಂಬು ಉಪ್ಪು (ಸಿಟ್ರಿಕ್ ಆ್ಯಸಿಡ್) ಕರಗಿಸಿ ತುಂಬಿ ಎರಡ ದಿನಾ ಇಟ್ರು, ಸಣ್ಣ ಸಣ್ಣ ನಟ್ ಹಾಕಿ ಕುಲುಕಿದ್ರು, ಆಮೇಲೆ ಸೋಡಾ ಪುಡಿ ಕಲಸಿದ ನೀರಲೆ ತೊಳದು ಬಿಸಲಾಗ ಒಣಗ್ಸಿ ತಡಾ ಮಾಡದ ಟೂಟಿ ಆಯಿಲ್ ಒಳಗ ಸವರಿದ್ರು, ಇಲ್ಲಂದ್ರ ರಾತ್ರ್ಯಾಗ ಮತ್ತ ತುಕ್ಕ ಹಿಡೀತೈತಂತ. ಕಾರ್ಬೊರೇಟರಿನ್ಯಾಗ ಪೆಟ್ರೋಲ್ ಅಳದು ಬಿಡೋ ಸಣ್ಣ ತೂತಿನ ಜೆಟ್ಟಿಗೆ ಮಾತ್ರ ಕಬ್ಬಿಣದ ತಂತಿ ಮುಟ್ಟಸ್ಲಿಲ್ಲ, ವೈರಿನ್ಯಾಗಿನ ತಾಮ್ರದ ಎಳಿ ಒಂದ ತಗದು ಅದರಲೆ ತೂತ ಬಿಡಿಸಿದ್ರು, ಕಬ್ಬಿಣ ಹಾಕಿದ್ರ ತೂತ ದೊಡ್ಡದಾಗಿ ಲೆಕ್ಕಾ ತಪ್ಪತೈತಿ ಅಂತ. ಒಂದ ಸೈಲೆನ್ಸರ್‌ನ್ಯಾಗ ಇಲಿ ಗೂಡ ಕಟ್ಟಿತ್ತು. ಪ್ಲಗ್ಗಿಗೆ ಕಿಡಿ ಕೊಡಸೋ ಸಿಬಿ ಪಾಯಿಂಟ್ ಉಜ್ಜಿ 0.4 ಮಿ.ಮೀ. ಗ್ಯಾಪ್ ಇಟ್ರು. ಟೈರ್, ಟ್ಯೂಬ್, ಕೇಬಲ್, ಬ್ರೇಕ್ ಲೈನರ್ ಎಲ್ಲಾ ಹೊಸಾವು, ಅದರಾಗ ಹೇಳೂದೇನಿಲ್ಲ.

ಪೇಂಟ್ ಮಾಡ್ಸಾಕ ನಾ ಹೇಳಿದ್ದೆ. ಚಾಚಾ ಒಪ್ಪಲಿಲ್ಲ. ಮೈಸೂರಾಗ ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ ಫ್ಯಾಕ್ಟರಿ 1996ಕ್ಕ ಬಾಗಲಾ ಹಾಕೇತಿ, ಈ ಬಣ್ಣಾ ಹಾಕಿದ ಕೈ ಇನ್ನ ಸಿಗೂದಿಲ್ಲ, ಟ್ಯಾಂಕಿನ ಮ್ಯಾಲೆ ನಿಮ್ಮ ಚೀಲಾ ತಿಕ್ಕಿದ ಗುರುತೂ ಐತಿ, ಯಾಕ ಅಳಸ್ತೀರಿ ಅಂದ್ರು. ಮೆಣಸಿನಕಾಯಿ ಚೀಲದ ಗುರುತು ಅದು, ನಾನೂ ಮರತಿದ್ದೆ. ಪಾಲಿಶ್ ಅಷ್ಟ ಮಾಡ್ಸಿದೆ. ಮನ್ಯಾಗ ನಮ್ಮ ಅಳಿಯಾ 2022ರಾಗ ಬಂದ ಹೊಸಾ ಯೆಜ್ಡಿ ತಗೋರಿ ಮಾಮಾ, ಇಷ್ಟ ಯಾಕ ಒದ್ದಾಡ್ತೀರಿ ಅಂದಾ. ಅದು ಫೋರ್ ಸ್ಟ್ರೋಕ್ ಗಾಡಿ, ಚಲೋ ಇರಬಹುದು, ನನಗ ಬೇಕಾಗಿದ್ದು ಇದು.

ಬೇಸರಾ ಆಗಿದ್ದೂ ಹೇಳಬೇಕಲ್ಲ. 20 ದಿನಾ ಅಂದಾವ್ರು ಎರಡೂವರಿ ತಿಂಗಳ ಮಾಡಿದ್ರು. ಫೋನ್ ಎತ್ತೂದಿಲ್ಲ. ಸ್ಪೇರ್ ಬಂದಿಲ್ಲ ಅಂತ ಗದಗದಿಂದ ಮೂರ ಸಲ ಸುಮ್ನ ಬಂದು ಹೋಗೀನಿ, ಬಸ್ಸಿಂದ ರೊಕ್ಕಾ, ಒಂದ ದಿನದ ಪಗಾರ ಎರಡೂ ಹೋತು. ಇದನ್ನ ಅವ್ರ ಮುಂದೂ ಹೇಳೀನಿ. ಒಟ್ಟ ಖರ್ಚ 23,600 ರೂಪಾಯಿ ಬಂತು, ಅದರಾಗ ಮಜೂರಿ 7,000, ಉಳದದ್ದು ಪಾರ್ಟ್ ಮತ್ತ ಲೇತ್ ಕೆಲಸದ್ದು. ಬಿಚ್ಚಿದ ಹಳೇ ಪಾರ್ಟ್ ಎಲ್ಲಾ ಒಂದ ಚೀಲದಾಗ ಕಟ್ಟಿ ಲೆಕ್ಕದ ಚೀಟಿ ಸಮೇತ ಕೊಟ್ರು, ನಾ ಲೆಕ್ಕಾ ಬರಿಯಾಂವ, ಒಂದ ರೂಪಾಯಿ ಹೆಚ್ಚ ಕಡಿಮಿ ಇರ್ಲಿಲ್ಲ. ಆರ್‌ಸಿ ರಿನಿವಲ್, ಇನ್ಶೂರನ್ಸ್ ಅವ್ರು ಮಾಡೂದಿಲ್ಲ, ಅದು ನಿಮ್ಮ ಕೆಲಸ. ಕಾಗದಾ ಆಗೂತನಕ ರೋಡಿಗೆ ತರಬ್ಯಾಡ್ರಿ ಅಂತ ಅವ್ರೂ ಗಾಡಿ ಓಣ್ಯಾಗ ಅಷ್ಟ ಟ್ರಯಲ್ ಮಾಡಿದ್ರು.

ಚಾಲು ಮಾಡೋ ದಿನಾ ನನ್ನ ಕಡೆನ ಕಿಕ್ ಹೊಡಿಸಿದ್ರು. ಗೇರ್ ಲಿವರ್ ಒಳಗ ಒತ್ತಿ ಮ್ಯಾಲೆ ಎತ್ತಿದ್ರ ಅದಾ ಕಿಕ್ ಆಗ್ತೈತಿ, ಕಾಲಿಗೆ ಅದು ನೆನಪಿತ್ರಿ. ಮೂರನೇ ಕಿಕ್ಕಿಗೆ ಎದ್ದಿತು. ಹತ್ತ ನಿಮಿಷ ದಟ್ಟ ಹೊಗಿ, ಒಳಗ ಹಾಕಿದ್ದ ಎಣ್ಣಿ ಸುಟ್ಟು ಹೋದ ಮ್ಯಾಲೆ ಕಡಿಮಿ ಆತು, ಎರಡೂ ಸೈಲೆನ್ಸರ್‌ನಿಂದ ಆ ಸಪ್ಪಳಾ.

ಕಾಗದಾ ಆದ ಮ್ಯಾಲೆ ಗಾಡಿ ಹೊಡ್ಕೊಂಡ ಗದಗಕ್ಕ ಬಂದೆ, ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ ಆಯಿಲ್ ಕೂಡ್ಸಿ, ಹೊಸಾ ಪಿಸ್ಟನ್ ಅಂತ 40ರ ಮ್ಯಾಲೆ ಓಡಸ್ಲಿಲ್ಲ, ಅಣ್ಣಿಗೇರ್ಯಾಗ ನಿಲ್ಲಿಸಿ ಚಹಾ ಕುಡದು ಎಂಜಿನ್ ಆರಿದ ಮ್ಯಾಲೆ ಮತ್ತ ಹೊಂಟೆ. ಈಗ 430 ಕಿ.ಮೀ. ಆಗೇತಿ. 500 ಆದ ಕೂಡ್ಲೆ ಹೆಡ್ ನಟ್ ಬಿಗಿ ಮಾಡಾಕ ಕರದಾರ, ಮುಂದಿನ ವಾರ ಹೊಂಟೀನಿ, ಗಾಡಿ ಮ್ಯಾಲೇನ. ಹಳೇ ಗಾಡಿ ಒಯ್ಯೋರು ಮುಂಜಾನಿ 11ರ ಮ್ಯಾಲೆ ಹೋಗ್ರಿ, ಶುಕ್ರವಾರ ಮಧ್ಯಾಹ್ನ ಬ್ಯಾಡ, ಮತ್ತ ಒಯ್ಯೂತನಕ ಕಿಕ್ ಮಾತ್ರ ಮುಟ್ಟಬ್ಯಾಡ್ರಿ.