ನಾಲಿಗೆ ಸುಟ್ಟ ಗಾಜಿನ ಲೋಟ: ಎರಡು ವರ್ಷ ಬಳಸಿದ ಮೇಲೆ

ಮೊದಲ ದಿನ ನಾನು ನಾಲಿಗೆ ಸುಟ್ಟುಕೊಂಡೆ. ಮರುದಿನ ನಮ್ಮ ಅತ್ತೆ.

ಡಬಲ್ ವಾಲ್, ಅಂದರೆ ಎರಡು ಗೋಡೆಯ ಗಾಜಿನ ಲೋಟ, ನಾಲ್ಕಕ್ಕೆ 1,200 ರೂಪಾಯಿ. ಕಾಫಿ ಹಾಕಿ ಕೊಟ್ಟಾಗ ಅತ್ತೆ ಲೋಟ ಮುಟ್ಟಿ ನೋಡಿದರು. "ಆರಿ ಹೋಗಿದೆಯಲ್ಲೇ, ಸ್ವಲ್ಪ ಬಿಸಿ ಮಾಡಿ ಕೊಡು" ಅಂದರು. "ಇಲ್ಲ ಅತ್ತೆ, ಈಗಷ್ಟೇ ಬಗ್ಗಿಸಿದ್ದು" ಅಂದೆ. ನಂಬಲಿಲ್ಲ. ಅವರದು ಎಂಜಲಾಗದಂತೆ ಎತ್ತಿ ಕುಡಿಯುವ ಅಭ್ಯಾಸ. ಎತ್ತಿದರು, ಅರ್ಧ ನೇರ ಗಂಟಲಿಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಇಳಿಯಿತು. ಸ್ಟೀಲ್ ಲೋಟಕ್ಕೆ ಇರುವ ಹಾಗೆ ಹೊರಕ್ಕೆ ಮಡಿಸಿದ ಅಂಚು ಇದಕ್ಕಿಲ್ಲ. ಅವತ್ತಿನಿಂದ ನಮ್ಮ ಮನೆಯಲ್ಲಿ ಇದಕ್ಕೆ 'ಸುಳ್ಳು ಲೋಟ' ಅಂತ ಹೆಸರು.

ಸ್ಟೀಲ್ ಲೋಟದಲ್ಲಿ ಕಾಫಿ ಕುಡಿಯುವಾಗ ನಾವು ಏನು ಮಾಡುತ್ತೇವೆ ಅಂತ ನಾನು ಗಮನಿಸಿಯೇ ಇರಲಿಲ್ಲ. ಮೊದಲು ಎರಡೇ ಬೆರಳಲ್ಲಿ ಅಂಚು ಹಿಡಿಯುತ್ತೇವೆ. ಲೋಟದ ಜೊತೆಗಿನ ಬಟ್ಟಲು, ಅಂದರೆ ದವರಕ್ಕೆ ಸುರಿದು, ಮತ್ತೆ ಲೋಟಕ್ಕೆ ಎತ್ತಿ ಹಾಕುತ್ತೇವೆ. ಆಮೇಲೆ ಬೆರಳು ಮೆಲ್ಲಗೆ ಲೋಟದ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಹಿಡಿಯಲು ಆಯಿತು ಅಂದರೆ ಕುಡಿಯಲೂ ಆಯಿತು. ಇಷ್ಟು ವರ್ಷ ಕೈಯೇ ನಮ್ಮ ಥರ್ಮಾಮೀಟರ್ ಆಗಿತ್ತು, ಅಲ್ವಾ?

ಈ ಲೋಟದಲ್ಲಿ ಕೈಗೆ ಸುದ್ದಿಯೇ ಬರುವುದಿಲ್ಲ. ಸ್ಟೀಲಿಗೆ ಹೋಲಿಸಿದರೆ ಗಾಜು ಬಿಸಿಯನ್ನು ದಾಟಿಸುವುದು ಸುಮಾರು ಹದಿನೈದರಲ್ಲಿ ಒಂದು ಪಾಲು. ಎರಡು ಗಾಜಿನ ನಡುವೆ ಇರುವ ಗಾಳಿ ಗಾಜಿಗಿಂತಲೂ ಸೋಮಾರಿ, ಅದರ ನಲವತ್ತನೇ ಒಂದು ಪಾಲೂ ಕಷ್ಟ.

ಹಾಗಾದರೆ ಕಾಫಿ ತುಂಬ ಹೊತ್ತು ಬಿಸಿ ಇರುತ್ತದಾ? ನನಗೂ ಅದೇ ಆಸೆ ಇತ್ತು. ಬ್ರೆಡ್ ಮಾಡಲು ತಂದ ಥರ್ಮಾಮೀಟರ್ ಹಾಕಿ ನೋಡಿದೆ. 82 ಡಿಗ್ರಿ ಕಾಫಿ ಹತ್ತು ನಿಮಿಷದಲ್ಲಿ ಸ್ಟೀಲಿನಲ್ಲಿ 62, ಇದರಲ್ಲಿ 66. ಇಷ್ಟಕ್ಕೆ 1,200 ರೂಪಾಯಿ! ಬಿಸಿ ಹೆಚ್ಚಾಗಿ ಹೋಗುವುದು ಮೇಲಿನ ಬಾಯಿಯಿಂದ, ಹಬೆಯ ಜೊತೆ. ಮೇಲೆ ದವರ ಬೋರಲು ಹಾಕಿದಾಗ 71 ಇತ್ತು. ದವರಕ್ಕೆ ನಾನು ಬೇರೆ ದುಡ್ಡು ಕೊಟ್ಟಿರಲಿಲ್ಲ.

ಹೋಟೆಲಿನ ದಪ್ಪ ಗಾಜಿನ ಲೋಟದ ಕಥೆ ಬೇರೆ. 200 ಗ್ರಾಂ ತೂಕದ ತಣ್ಣಗಿನ ಗಾಜಿಗೆ 85 ಡಿಗ್ರಿಯ 150 ಮಿಲಿ ಕಾಫಿ ಹಾಕಿದರೆ, ಗಾಜೇ ಹನ್ನೆರಡು ಡಿಗ್ರಿಯಷ್ಟು ನುಂಗಿಬಿಡುತ್ತದೆ. ಟೀ ಅಂಗಡಿಯವರು ಲೋಟವನ್ನು ಬಿಸಿನೀರಲ್ಲಿ ಜಾಲಿಸಿ ಕೊಟ್ಟರೆ ಚಹಾ ರುಚಿ ಅನ್ನಿಸುವುದು ಸುಮ್ನೆ ಅಲ್ಲ.

ನಾಲ್ಕರಲ್ಲಿ ಈಗ ಎರಡು ಉಳಿದಿವೆ. ಬಿಸಿಗೆ ಒಂದೂ ಒಡೆದಿಲ್ಲ, ಅದನ್ನು ಒಪ್ಪಬೇಕು. ಇದು ಬೋರೋಸಿಲಿಕೇಟ್ ಗಾಜು. ಮಾಮೂಲಿ ಗಾಜು ಹಿಗ್ಗುವುದರ ಮೂರನೇ ಒಂದು ಪಾಲು ಮಾತ್ರ ಇದು ಹಿಗ್ಗುತ್ತದೆ, ಹಾಗಾಗಿ ಬಿಸಿ ಹಾಲಿಗೆ ಹೆದರುವುದಿಲ್ಲ. ಹೆದರಿದ್ದು ಚಮಚಕ್ಕೆ. ಸಕ್ಕರೆ ಕಲಕುವಾಗ ಟಕ್ ಅಂತ ತಗುಲಿ ಒಳಗಿನ ತೆಳು ಗಾಜು ಸೀಳಿತು. ಇನ್ನೊಂದರ ತಳದ ಪುಟ್ಟ ರಬ್ಬರ್ ಬಿರಡೆ ಸಡಿಲಾಗಿ, ತೊಳೆಯುವಾಗ ಎರಡು ಗೋಡೆಗಳ ನಡುವೆ ನೀರು ಸೇರಿತು. ಬಿಸಿ ಕಾಫಿ ಹಾಕಿದರೆ ಒಳಗೆಲ್ಲ ಮಂಜು. ಮಾರಿದವರು "ಬಳಕೆಯಿಂದ ಆದದ್ದು" ಅಂದು ಫೋನ್ ಇಟ್ಟರು. ಲೋಟ ತೊಳೆಯುವುದೂ ಬಳಕೆಯೇ, ಸರಿ.

ಎತ್ತಿ ಅಟ್ಟಕ್ಕೆ ಹಾಕೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಏಪ್ರಿಲ್ ಬಂತು.

ಊರಿಂದ ಬಂದ ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿ, ಐಸ್ ಹಾಕಿ, ಈ ಲೋಟಕ್ಕೆ ಬಗ್ಗಿಸಿದೆ. ಕೆಂಪು ಶರಬತ್ತು ಗಾಳಿಯಲ್ಲಿ ತೇಲಿದ ಹಾಗೆ ಕಂಡಿತು. ಅರ್ಧ ಗಂಟೆ ಕಳೆದರೂ ಹೊರಗೆ ಒಂದು ಹನಿ ಇಲ್ಲ! ಸ್ಟೀಲ್ ಲೋಟ ಆಗಿದ್ದರೆ ಇಷ್ಟೊತ್ತಿಗೆ ಬೆವತು, ಮಾವನ ಕಾಲದ ಮರದ ಮೇಜಿನ ಮೇಲೆ ಬಿಳಿ ಉಂಗುರ ಮೂಡಿರುತ್ತಿತ್ತು. ತಂಪು ಹೊರಗೋಡೆಗೆ ಬರದಿದ್ದರೆ ಗಾಳಿಯ ತೇವ ಅಲ್ಲಿ ನೀರಾಗುವುದಾದರೂ ಹೇಗೆ? ಕಾಫಿಯಲ್ಲಿ ನನ್ನನ್ನು ಸತಾಯಿಸಿದ ಗುಣವೇ ಇಲ್ಲಿ ಉಪಕಾರಕ್ಕೆ ಬಂತು.

ಬಿಸಿಗೆ ಐದರಲ್ಲಿ ಎರಡು, ತಂಪಿಗೆ ನಾಲ್ಕೂವರೆ. ಕಾಫಿಗೆ ಅಂತಲೇ ತೆಗೆದುಕೊಳ್ಳುವುದಾದರೆ ಬೇಡ, ದುಡ್ಡು ಜಾಸ್ತಿ. ಬೇಸಿಗೆಗೆ ಬೇಕಾದರೆ ಎರಡು ಸಾಕು, ಮರದ ಚಮಚವೂ ಒಂದಿರಲಿ.

ಉಳಿದ ಎರಡರಲ್ಲಿ ಒಂದನ್ನು ಅತ್ತೆಯೇ ಮಧ್ಯಾಹ್ನದ ಪುನರ್ಪುಳಿಗೆ ಅಂತ ಎತ್ತಿಟ್ಟುಕೊಂಡಿದ್ದಾರೆ. ಅದರಲ್ಲಿ ಕಾಫಿ ಕೊಟ್ಟರೆ ಮಾತ್ರ ಪಕ್ಕಕ್ಕೆ ಸರಿಸುತ್ತಾರೆ. "ಸ್ಟೀಲ್ ಲೋಟಕ್ಕೆ ಹಾಕಿ ತಾರೇ."